ಚೊಚ್ಚಲ ಬಾಣಂತನದ ಅರ್ಜಿ

ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುವುದು ವಲಸೆ ಮತ್ತು ಪೌರತ್ವದ ಕಾನೂನು. ಪಾಂಡವಪುರದ ನಮ್ಮ ಬೀದಿಯವರಿಗೆ ಇದನ್ನು ಬಿಡಿಸಿ ಹೇಳಿ ಸಾಕಾಗಿ, ಈಗ ‘ಕಾನೂನು ಮೇಡಂ’ ಅನ್ನಿಸಿಕೊಂಡು ಸುಮ್ಮನಿದ್ದೇನೆ. ವಿಭಾಗದ ಸಹೋದ್ಯೋಗಿಗಳು ಕರೆಯುವುದು ‘ವೀಸಾ ಮೇಡಂ’ ಎಂದು. ಅವರ ತಮಾಷೆಗೂ ಕಾರಣವಿದೆ. ನಮ್ಮ ಕಾನೂನು ನೆರವು ಕೇಂದ್ರ ಶನಿವಾರಗಳಲ್ಲಿ ಹೋಬಳಿಗಳಿಗೆ ಹೋಗಿ ಕೂರುತ್ತದೆ. ಒಂದು ವಾರ ದೇವಲಾಪುರ, ಮುಂದಿನ ವಾರ ಹೊಣಕೆರೆ. ಬರುವವರು ಪಹಣಿಯಲ್ಲಿ ಹೆಸರು ತಪ್ಪಿದವರು, ಅಣ್ಣತಮ್ಮಂದಿರ ಭಾಗದ ಜಗಳದವರು, ವಿಧವಾ ವೇತನ ನಿಂತುಹೋದವರು. ಅವರ ಮಧ್ಯೆ ಪರದೇಶದವರ ಕಾನೂನು ಹಿಡಿದುಕೊಂಡು ಕೂತ ನನ್ನನ್ನು ನೋಡಿ ಯಾರಿಗಾದರೂ ನಗು ಬಂದರೆ ಅವರನ್ನು ಬಯ್ಯಲಾರೆ.

ಆ ಹೆಂಗಸು ಬಂದದ್ದು ಹೊಣಕೆರೆಯ ಸರದಿಯ ಶನಿವಾರ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಬಾಗಿಲ ಹತ್ತಿರ ಇಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ವಯಸ್ಸು ನಲವತ್ತರ ಆಸುಪಾಸು. ಏನಾಗಬೇಕಿತ್ತು ಎಂದು ನನ್ನ ವಿದ್ಯಾರ್ಥಿ ಕೇಳಿದ.

“ನಂಗೊಂದು ಓಟು ಬೇಕಿತ್ತು” ಎಂದಳು. “ಎಲೆಕ್ಸನ್ ಬಂದ್ರೆ ಊರಿಗೂರೇ ಸಾಲ್ನಲ್ಲಿ ನಿಂತ್ಕತದೆ. ನಾನೊಬ್ಳು ಮನೆ ಕಾಯ್ಕೊಂಡು ಕುಂತಿರ್ತೀನಿ. ಇನ್ನೆಷ್ಟು ವರ್ಸ ಇಂಗೇ?”

ಮತದಾರರ ಪಟ್ಟಿಯಿಂದ ಹೆಸರು ಬಿಟ್ಟುಹೋಗಿರಬೇಕು ಎಂದುಕೊಂಡು ಅವನು ಊರು ಕೇಳಿದ.

“ಗಂಡನ ಮನೆ ಇಲ್ಲೇ ಪಕ್ಕದೂರು. ತವರು ನೇಪಾಳ.”

ಹುಡುಗ ನಕ್ಕುಬಿಟ್ಟ. ಹೇಮಗಿರಿ ಕಡೆಯವನು ಅವನು, ಕೆ.ಆರ್.ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ. ತನಗಿಂತ ಚೆನ್ನಾಗಿ ನಮ್ಮ ಸೀಮೆಯ ಮಾತಾಡುವ ಹೆಂಗಸು ತನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಆಕೆ ನಗಲಿಲ್ಲ. ಹಿಂದೆ ಕೂತಿದ್ದ ನಾನು ನೆಟ್ಟಗೆ ಕೂತೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಪುಸ್ತಕದಲ್ಲಿ ಮಾತ್ರ ಕಂಡಿದ್ದ ಕಲಮು ಹಾಲಿನ ಕ್ಯಾನು ಹಿಡಿದು ಬಂದಿತ್ತು.

ನಮ್ಮ ಕೇಂದ್ರದ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಪೂರ್ಣಾವಧಿ ಅಧ್ಯಾಪಕಿಯಾದ ನಾನು ಕೋರ್ಟಿನಲ್ಲಿ ವಕಾಲತ್ತು ಹಾಕುವಂತಿಲ್ಲ. ವಿಷಯ ತಿಳಿದುಕೊಂಡು, ಅರ್ಜಿ ಸಿದ್ಧಪಡಿಸಿ, ಯಾವ ಕಚೇರಿಗೆ ಹೋಗಬೇಕೋ ಅಲ್ಲಿಗೆ ಮುಟ್ಟಿಸುವುದು ನಮ್ಮ ಕೆಲಸ. ಒಂದು ವಿಷಯಕ್ಕೆ ಇಬ್ಬರು ವಿದ್ಯಾರ್ಥಿಗಳು: ಒಬ್ಬರು ಕೇಳಬೇಕು, ಒಬ್ಬರು ಬರೆದುಕೊಳ್ಳಬೇಕು. ಮೊದಲ ಭೇಟಿಯಲ್ಲಿ ಕಾಗದಪತ್ರ ಮುಟ್ಟುವಂತಿಲ್ಲ, ಬರೀ ಮಾತು ಕೇಳಬೇಕು. ಸಹಿಗೆ ಮುಂಚೆ ಅರ್ಜಿಯ ಪ್ರತಿ ಸಾಲನ್ನೂ ಅವರ ಮನೆಗೇ ಹೋಗಿ, ಮನೆಯವರೆಲ್ಲ ಇರುವಾಗ, ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಇಷ್ಟೂ ಹೊತ್ತು ನಾನು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಬಾಯಿ ಮುಚ್ಚಿಕೊಂಡಿರುವುದು ನನ್ನ ಹುಟ್ಟುಗುಣವಲ್ಲ. ನಾನೇ ಮಾಡಿದ ನಿಯಮವಾದ್ದರಿಂದ ನುಂಗಿಕೊಳ್ಳುತ್ತೇನೆ.

ಈ ವಿಷಯಕ್ಕೆ ಹೇಮಗಿರಿ ಹುಡುಗನ ಜೊತೆಗೆ ಶ್ರೀರಂಗಪಟ್ಟಣದ ಒಬ್ಬ ಹುಡುಗಿಯನ್ನು ಹಾಕಿದೆ. ಮನೆಯಲ್ಲಿ ಉರ್ದು ಮಾತಾಡುವವಳು. ನೇಪಾಳದವರ ಜೊತೆ ಹಿಂದಿಯಲ್ಲಿ ಮಾತಾಡುವ ಪ್ರಸಂಗ ಬಂದರೆ ನನ್ನ ಹಿಂದಿಯನ್ನು ನಂಬಿ ಕೂರುವ ಹಾಗಿರಲಿಲ್ಲ.

ಕಥೆ ಸರಳವಾಗಿತ್ತು. ಹೊಣಕೆರೆ ಪಕ್ಕದ ಊರಿನ ಗಂಡ ಒಂದು ಕಾಲದಲ್ಲಿ ಪುಣೆಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ. ಆಕೆ ಅಣ್ಣನ ಜೊತೆ ನೇಪಾಳದಿಂದ ಬಂದು ಅಲ್ಲೇ ಪಾತ್ರೆ ತೊಳೆಯುವ ಕೆಲಸ ಮಾಡುತ್ತಿದ್ದಳು. ಮದುವೆಯಾದ ಮೇಲೆ ಆಕೆ ಊರಿಗೆ ಬಂದಳು, ಕೆಲವು ವರ್ಷದ ಮೇಲೆ ಅವನೂ ಹೋಟೆಲು ಬಿಟ್ಟು ಬಂದು ಹಸು ಕಟ್ಟಿದ, ಒಬ್ಬಳು ಮಗಳು. ನೇಪಾಳದವರು ನಮ್ಮಲ್ಲಿ ಇರುವುದಕ್ಕೆ ವೀಸಾ ಬೇಕಿಲ್ಲ. ಹಾಗಾಗಿ ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ. ಇರಬಹುದು, ದುಡಿಯಬಹುದು. ಓಟು ಮಾತ್ರ ಇಲ್ಲ.

ಭಾರತದ ಪ್ರಜೆಯನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದರೆ ನೋಂದಣಿಯಿಂದ ಪೌರತ್ವ ಪಡೆಯಬಹುದು. ಅದರಲ್ಲಿ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ದೇಶ ಬಿಟ್ಟು ಹೋಗಿರಬಾರದು. ಸರ್ಕಾರ ಮನಸ್ಸು ಮಾಡಿದರೆ ಸ್ವಲ್ಪ ದಿನಗಳ ರಿಯಾಯಿತಿ ಕೊಡಬಹುದು, ಆದರೆ ಅದನ್ನು ನೆಚ್ಚಿ ಯಾರೂ ಅರ್ಜಿ ಹಾಕುವುದಿಲ್ಲ. ಆಕೆ ತವರಿಗೆ ಹೋಗಿ ವರ್ಷಗಳೇ ಆಗಿದ್ದವು. ಮದುವೆ ದೇವಸ್ಥಾನದಲ್ಲಾಗಿ ನೋಂದಣಿ ಆಗಿರಲಿಲ್ಲ, ಮಾಡಿಸಿದೆವು. ಗಂಡ ಈ ದೇಶದವನೇ ಎನ್ನುವುದಕ್ಕೆ ಅವನ ಹಳೆಯ ಶಾಲೆಗೆ ಅಲೆದೆವು. ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತರು ನಮ್ಮ ಕೋರಿಕೆಯನ್ನು ಎರಡು ಸಲ ಓದಿ, “ಇಂಥದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ ಮೇಡಂ” ಎಂದು ಟೀ ತರಿಸಿಕೊಟ್ಟರು. ಟೀ ಕುಡಿದು ಇನ್ನೊಂದು ಮೇಜಿಗೆ ಹೋದೆವು. ಆಷಾಢದ ಹೊತ್ತಿಗೆ ಅರ್ಜಿ ಸಿದ್ಧವಾಯಿತು. ಇನ್ನು ಓದಿ ಹೇಳಿ ಸಹಿ ಹಾಕಿಸುವುದೊಂದೇ ಬಾಕಿ.

ಅವರ ಮನೆಯ ಜಗಲಿಯಲ್ಲಿ ಚಾಪೆ ಹಾಸಿದ್ದರು. ಗಂಡ ಕಂಬಕ್ಕೆ ಒರಗಿ ಕೂತಿದ್ದ. ಮಗಳು ಬೆಳಗಿನ ಓಟ ಮುಗಿಸಿ ಬಂದು ಹೊಸಲ ಮೇಲೆ ಕೂತಿದ್ದಳು. ಪಿಯುಸಿ ಎರಡನೇ ವರ್ಷ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ದಿನಾ ಕೆರೆ ಏರಿ ಮೇಲೆ ಓಡುತ್ತಿದ್ದಳು. ಆ ಹುಡುಗಿಯ ಕಾಲುಗಳ ಬಗ್ಗೆ ಊರಿಗೇ ಹೆಮ್ಮೆ. ಅತ್ತೆ, ಅಂದರೆ ಗಂಡನ ತಾಯಿ, ಕೊಟ್ಟಿಗೆಯ ಬಾಗಿಲಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ನಮ್ಮ ಓದು ಅವರಿಗೆ ಬೇಕಿರಲಿಲ್ಲ, ಕಿವಿ ಮಾತ್ರ ಇತ್ತ ಕಡೆಯೇ ಇತ್ತು.

ಹುಡುಗ ಒಂದೊಂದೇ ಸಾಲು ಓದುತ್ತಾ ಬಂದ. “ಮದುವೆಯಾದ ಮೇಲೆ ಭಾರತದಿಂದ ಆಚೆ ಹೋದದ್ದು, ತಂದೆ ತೀರಿಕೊಂಡಾಗ ಒಂದು ಸಲ. ಸರೀನಾ ಅಕ್ಕ?”

“ಸರಿ” ಎಂದಳು ಆಕೆ.

“ಮಗಳು ಒಬ್ಬಳು. ಹುಟ್ಟಿದ್ದು ಇದೇ ಗ್ರಾಮ.”

ಶಾಲೆಯ ದಾಖಲೆಯಲ್ಲಿ ಹಾಗೇ ಇತ್ತು. ಒಂದನೇ ಕ್ಲಾಸಿಗೆ ಸೇರಿಸಿದಾಗ ಮೇಷ್ಟರು ಕೇಳಲೇ ಇಲ್ಲ, ಊರಿನ ಮಗು ಊರಿನಲ್ಲೇ ಹುಟ್ಟಿರುತ್ತದೆ ಎಂದು ಬರೆದುಕೊಂಡಿದ್ದರು. ನಮ್ಮ ಹುಡುಗ ಅದನ್ನೇ ಇಳಿಸಿದ್ದ. ಆಕೆ ಇದಕ್ಕೂ ಸರಿ ಎನ್ನುವುದರಲ್ಲಿದ್ದಳೋ ಏನೋ. ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲಿಂದ ಅತ್ತೆಯ ಗಂಟಲು ಎದ್ದಿತು.

“ಏನ್ಲಾ ಮಗಾ ಇಂಗೆ ಓದೀಯೆ! ನಮ್ಮನೆ ಸೊಸೇಗೆ ಚೊಚ್ಚಲ ಬಾಣಂತ್ನ ಇಲ್ಲಿ ಮಾಡ್ಸುದ್ರಾ? ಯಾರ್ಲಾ ಯೋಳ್ದೋರು ನಿಂಗೆ? ತವರ್ಗೆ ಕಳಿಸ್ದೆ ಇಲ್ಲೇ ಮಡಿಕಂಡಿದ್ರೆ ಊರ್ನೋರು ನನ್ನ ಮಕಕ್ಕೆ ಉಗೀತಿರ್ನಿಲ್ವಾ?”

ಅತ್ತೆ ಕೈಯಲ್ಲಿದ್ದ ಬೂಸಾ ಝಾಡಿಸಿಕೊಂಡು ಚಾಪೆಯ ಹತ್ತಿರವೇ ಬಂದು ನನ್ನ ಕಡೆ ತಿರುಗಿದರು. “ನೋಡವ್ವ, ದೂರ ಅಂತ ನಾವು ಸಾಸ್ತ್ರ ಬುಟ್ಟೋರಲ್ಲ. ಏಳ್ನೇ ತಿಂಗ್ಳಲ್ಲಿ ಬಳೆ ತೊಡ್ಸಿ, ಮಡ್ಲು ತುಂಬ್ಸಿ, ಅವ್ರಣ್ಣನ್ ಜೊತೆ ರೈಲತ್ತುಸ್ದೋ. ಗೋರಖಪುರ್ವೋ ಏನೋ ಅಂತಾರಲ್ಲ, ಅಲ್ಗಂಟ ರೈಲು, ಆಮೇಕೆ ಬಸ್ಸು. ಕೂಸು ಉಟ್ಟಿದ್ದು ಅಲ್ಲೇ, ದೀಪಾವಳಿ ಆದ್ಮೇಕೆ. ಐದು ತಿಂಗ್ಳು ಬಾಣಂತ್ನ ಮಾಡುಸ್ಕಂಡು ಬಂದವ್ಳೆ ಇವ್ಳು.”

ಆಚೆ ಹೋಗಿದ್ದೀರಾ ಎಂದು ನಾವು ಮೂರು ಸಲ ಕೇಳಿದ್ದೆವು. ಹೆರಿಗೆಗೆ ತವರಿಗೆ ಹೋಗುವುದನ್ನು ನಮ್ಮ ಕಡೆ ಯಾರೂ ಆಚೆ ಹೋದದ್ದು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆಯೂ ಹಿಡಿದಿರಲಿಲ್ಲ.

ಈಗ ತೊಡಕು ತಾಯಿಯದಲ್ಲ, ಮಗಳದ್ದು ಎಂದು ನನಗೆ ಹೊಳೆಯಿತು. ಶ್ರೀರಂಗಪಟ್ಟಣದ ಹುಡುಗಿ ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೂ ಹೊಳೆದಿತ್ತು. ಉಳಿದವರು ಕಾಫಿ ಕುಡಿಯುತ್ತಿದ್ದರು. ಅರ್ಜಿಯನ್ನು ಇನ್ನೊಮ್ಮೆ ನೋಡಬೇಕಾಗಿದೆ ಎಂದಷ್ಟೇ ಹೇಳಿ, ಸಹಿ ಹಾಕಿಸದೆ ಎದ್ದು ಬಂದೆವು.

ಸೋಮವಾರದ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ. ಅಪ್ಪ ಭಾರತದ ಪ್ರಜೆ. ಮಗು ಹುಟ್ಟಿದ್ದು ಪರದೇಶದಲ್ಲಿ. ಮಗು ಯಾರು? ಅರ್ಧ ತರಗತಿ ‘ಭಾರತದ ಪ್ರಜೆ’ ಎಂದಿತು. ಮೊದಲಾಗಿದ್ದರೆ ಸರಿ. ಈಗಿನ ಕಾನೂನಿನಂತೆ, ಹೊರಗೆ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಇಲ್ಲವಾದರೆ ರಕ್ತ ಯಾರದಾದರೂ ಮಗು ನಮ್ಮ ಪ್ರಜೆಯಲ್ಲ. ಇನ್ನು ನೇಪಾಳದಲ್ಲಿ, ಪರದೇಶದ ಗಂಡನಿಂದ ಹುಟ್ಟಿದ ಮಗುವಿಗೆ ಪೌರತ್ವ ತಾನಾಗಿ ಬಂದು ಬೀಳುವುದಿಲ್ಲ. ಹಾಗಾಗಿ ಕೆರೆ ಏರಿ ಮೇಲೆ ಓಡುತ್ತಿದ್ದ ಹುಡುಗಿ ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ. ಪೊಲೀಸ್ ನೇಮಕಾತಿಯ ಮೊದಲ ಷರತ್ತೇ ಭಾರತದ ಪ್ರಜೆಯಾಗಿರಬೇಕು ಎಂಬುದು.

ತಡವಾದ ನೋಂದಣಿಗೆ ದಾರಿ ಇತ್ತು. ಕೇಂದ್ರ ಸರ್ಕಾರದ ಅನುಮತಿ ಪಡೆದು ರಾಯಭಾರ ಕಚೇರಿ ನೋಂದಾಯಿಸಬಹುದು. ಬೇರೆ ದೇಶದ ಪಾಸ್‌ಪೋರ್ಟು ಮಗುವಿಗಿಲ್ಲ ಎಂದು ತಂದೆತಾಯಿ ಘೋಷಿಸಬೇಕು. ಈ ಹುಡುಗಿಗೆ ಯಾವ ದೇಶದ್ದೂ ಇರಲಿಲ್ಲ. ಆದರೆ ಆ ಕಲಮು ಮಾತಾಡುವುದು ಅಪ್ರಾಪ್ತರ ಬಗ್ಗೆ. ದೀಪಾವಳಿ ಕಳೆದರೆ ಹುಡುಗಿಗೆ ಹದಿನೆಂಟು ತುಂಬುತ್ತಿತ್ತು. ಅಷ್ಟರೊಳಗೆ ಅರ್ಜಿ ಒಳಗೆ ಬೀಳದಿದ್ದರೆ ನಮ್ಮ ವಾದಕ್ಕೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ತರಗತಿ ಮುಗಿದ ಮೇಲೆ ಹೇಮಗಿರಿ ಹುಡುಗ ಹಿಂದೆಯೇ ಬಂದ.

“ಮೇಡಂ, ಒಂದು ಮಾತು. ಶಾಲೆ ದಾಖಲೇಲಿ ಊರಲ್ಲೇ ಹುಟ್ಟಿದ್ದು ಅಂತ ಐತಲ್ವಾ? ನಾವೇನೂ ಹೊಸದಾಗಿ ಸುಳ್ಳು ಬರೀತಿಲ್ಲ. ಇರೋದನ್ನ ಇದ್ದಂಗೆ ಬಿಟ್ಬುಟ್ರೆ ಅಮ್ಮಂದೂ ಆಯ್ತದೆ, ಮಗಳ್ದೂ ಗೊತ್ತಾಗಲ್ಲ.”

ನನಗೆ ಉರಿದುಹೋಯಿತು. ಕಾರಿಡಾರಿನಲ್ಲೇ ಕೂಗಾಡಿದೆ. “ಗೊತ್ತಾಗಲ್ಲ ಅನ್ನೋದನ್ನ ಯಾವ ಪುಸ್ತಕದಲ್ಲಿ ಓದಿದೆ ನೀನು? ಸಹಿ ಹಾಕೋದು ಆಯಮ್ಮ. ಸುಳ್ಳು ಹೇಳಿ ಪಡೆದ ಪೌರತ್ವ ನಾಳೆ ರದ್ದಾದ್ರೆ ನೀನು ಹೋಗಿ ಹಾಲು ಕರೀತೀಯಾ? ಮಗಳು ಪೊಲೀಸ್ ಕೆಲಸಕ್ಕೆ ಹೋದ್ರೆ ಮನೆ ಬಾಗಿಲಿಗೆ ಬಂದು ವಿಚಾರಿಸ್ತಾರೆ. ಆ ಅಜ್ಜಿ ಬಾಗಿಲಲ್ಲೇ ನಿಂತು ಚೊಚ್ಚಲ ಬಾಣಂತನದ ಕಥೆ ಹೇಳ್ತಾರೆ. ಆಗೇನು ಮಾಡ್ತೀಯಾ?”

ಹುಡುಗ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ, “ಹೇಳೇ ಹೇಳ್ತಾರೆ ಮೇಡಂ, ಅದು ನಿಜ” ಎಂದ. ಶ್ರೀರಂಗಪಟ್ಟಣದ ಹುಡುಗಿ ಪಕ್ಕೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಮನೆಯವರಿಗೆ ಹೇಳುವುದು ಇಷ್ಟು ಸಲೀಸಾಗಲಿಲ್ಲ. ಗಂಡ ಮೊದಲು ನಕ್ಕ, ಆಮೇಲೆ ಎದ್ದು ನಿಂತ. “ನನ್ ಮಗ್ಳು ಫಾರಿನ್ನೋಳಾ? ಏನ್ ಮೇಡಂ ನೀವು ಓದ್ಕಂಡಿರೋದು! ಸೈನ್ ಆಕುಸ್ದೆ ನೀವು ಎದ್ದೋದ್ಮೇಕೆ ನಾಗಮಂಗ್ಲದ ಸೈಬರ್‌ನಲ್ಲಿ ಕೇಳ್ದೆ, ಊರೆಸ್ರು ಆಕಿ ಕಳಿಸ್ಬುಡಿ, ಯಾರ್ ಕೇಳ್ತಾರೆ ಅಂದ್ರು. ನೀವೇ ಇಲ್ದಿರೋ ತಕರಾರು ತೆಗೀತಾ ಇದ್ದೀರ.”

ನಾನು ಹೇಳಿದ್ದರಲ್ಲಿ ಅತ್ತೆಗೆ ಪೂರ್ತಿ ತಿಳಿದದ್ದು ಒಂದೇ ಇರಬೇಕು: ತಾವು ಹೆಮ್ಮೆಯಿಂದ ಮಾಡಿದ ಕೆಲಸ ಮೊಮ್ಮಗಳ ಕೊರಳಿಗೆ ಸುತ್ತಿಕೊಂಡಿದೆ. ಕೊಟ್ಟಿಗೆಗೆ ಹೋದವರು ನಾವು ಹೊರಡುವವರೆಗೂ ಈಚೆ ಬರಲಿಲ್ಲ. ಅವರ ಮುಖ ನೆನೆದು ನನಗೆ ಬಸ್ಸಿನಲ್ಲಿ ಉದ್ದಕ್ಕೂ ಸಂಕಟವಾಯಿತು.

ಮಗಳು ಮಾತ್ರ ನನ್ನನ್ನೇ ದಿಟ್ಟಿಸಿ ಕೇಳಿದಳು. “ಹಂಗಾದ್ರೆ ನಾನು ಯಾವ ದೇಶದವ್ಳು ಮೇಡಂ?”

“ಸದ್ಯಕ್ಕೆ ಯಾವ ದೇಶದವಳು ಅಂತಲೂ ಹೇಳೋಕಾಗಲ್ಲ” ಎಂದೆ. ಅದಕ್ಕಿಂತ ಮೃದುವಾಗಿ ಹೇಳುವ ದಾರಿ ನನಗೆ ತಿಳಿಯಲಿಲ್ಲ. ಅವಳು ಒಳಗೆ ಹೋಗಿ ಓಟದ ಶೂಗಳನ್ನು ಅಟ್ಟಕ್ಕೆ ಎಸೆದ ಸದ್ದು ಕೇಳಿಸಿತು.

ಈಗ ಒಂದು ತೀರ್ಮಾನ ಆಗಬೇಕಿತ್ತು. ತಾಯಿಯ ಅರ್ಜಿ ಕೈಯಲ್ಲಿ ಸಿದ್ಧವಿದೆ. ಅದರಲ್ಲಿ ಮಗಳು ಹುಟ್ಟಿದ್ದು ನೇಪಾಳದಲ್ಲಿ ಎಂದು ನಿಜ ಬರೆದು ಸಲ್ಲಿಸಿದರೆ, ಮಗಳ ಅರ್ಜಿ ಎಲ್ಲೂ ಇಲ್ಲದಿರುವಾಗಲೇ ಅವಳ ಮೇಲೆ ವಿಚಾರಣೆ ಶುರುವಾಗುತ್ತದೆ. ಮಗಳದ್ದು ಮೊದಲು ಹಾಕಬೇಕೆಂದರೆ, ಅವಳು ಹುಟ್ಟಿದ ಊರಿನ ವಾರ್ಡ್ ಕಚೇರಿಯಿಂದ, ಅಂದರೆ ಅಲ್ಲಿಯ ಪಂಚಾಯಿತಿಯಿಂದ, ಜನನ ನೋಂದಣಿ ಬೇಕು. ಅದನ್ನು ಅಂದು ಯಾರೂ ಮಾಡಿಸಿರಲಿಲ್ಲ. ತಾಯಿಯೇ ಖುದ್ದು ನೇಪಾಳಕ್ಕೆ ಹೋಗಬೇಕು, ಎಷ್ಟು ದಿನವೋ ಗೊತ್ತಿಲ್ಲ. ಗಡಿ ದಾಟಿದ ದಿನವೇ ಆಕೆಯ ಹನ್ನೆರಡು ತಿಂಗಳ ಲೆಕ್ಕ ಮುರಿದು ಬೀಳುತ್ತದೆ. ಅಷ್ಟು ದಿನದ ನಮ್ಮ ಓಡಾಟ ನೀರಿನಲ್ಲಿ ಹೋಮ. ಒಂದು ವರ್ಷ ಮತ್ತೆ ಮೊದಲಿನಿಂದ.

ಇಲ್ಲಿ ನನ್ನ ಕೆಲಸ ಎರಡೂ ದಾರಿ ಹೇಳಿ ಸುಮ್ಮನಾಗುವುದು. ವಿದ್ಯಾರ್ಥಿಗಳಿಗೆ ಇದನ್ನೇ ಬಾಯಿಪಾಠ ಮಾಡಿಸಿದ್ದೆ: ಆಯ್ಕೆ ಅವರದ್ದು, ವಿವರಣೆ ನಮ್ಮದು. ಮುಂದಿನ ಶನಿವಾರ ಶ್ರೀರಂಗಪಟ್ಟಣದ ಹುಡುಗಿ ಎರಡನ್ನೂ ಆಕೆಗೆ ಬಿಡಿಸಿ ಹೇಳಿದಳು. ಹೇಳಿ ಮುಗಿಸುವ ಮುಂಚೆಯೇ ಆಕೆ ಎದ್ದಳು.

“ನಂದು ಅತ್ಲಾಗೆ ಮಡಗಿ. ಓಟಿಲ್ದೆ ಇಷ್ಟು ವರ್ಸ ಬದುಕಿಲ್ವಾ, ಇನ್ನೊಂದ್ ವರ್ಸ ಮನೆ ಕಾಯ್ತೀನಿ. ಅವ್ಳು ಶೂ ಅಟ್ಟದ್ ಮ್ಯಾಲ್ ಎಸ್ದವ್ಳೆ. ಅದ ನೋಡ್ಕಂಡು ಇರಕ್ಕಾಗಕಿಲ್ಲ.”

ಮಗಳನ್ನು ಕರೆದುಕೊಂಡು ಹೋಗಬಾರದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ಹೋಗುವಾಗ ಯಾರೂ ಕೇಳುವುದಿಲ್ಲ. ಬರುವಾಗ ಗಡಿಯಲ್ಲಿ ‘ನೀನು ಯಾರು’ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಉತ್ತರವಿರಲಿಲ್ಲ. ಮಗಳು ಬರಬೇಕೆ ಎಂದು ರಾಯಭಾರ ಕಚೇರಿಗೆ ಬರೆದು ಕೇಳಿದ್ದೆವು. ತಂದೆ ತಾಯಿ ಬಂದರೆ ಸಾಕು ಎಂಬ ಉತ್ತರ ಬಂದಿತ್ತು. ಮೊದಲು ಊರಿನ ಕೆಲಸ ಮುಗಿಸಿಕೊಳ್ಳುತ್ತೇನೆ, ಗಂಡ ಆಮೇಲೆ ಬರಲಿ ಎಂದು ಆಕೆ ಗೌರಿ ಹಬ್ಬದ ಹಿಂದೆಯೇ ಒಬ್ಬಳೇ ಹೊರಟಳು.

ಹೋಗಿ ಸಿಕ್ಕಿಹಾಕಿಕೊಂಡಳು. ವಾರ್ಡ್ ಕಚೇರಿಯವರು ಒರಟಾಗಿಯೇನೂ ಮಾತಾಡಲಿಲ್ಲ. ಮಗು ಹುಟ್ಟಿದ್ದನ್ನು ಊರಿನ ಹಿರಿಯರು ಬಂದು ಹೇಳಿದರು, ಸೂಲಗಿತ್ತಿಯ ಮಗಳು ಬಂದು ಹೇಳಿದಳು. ಆದರೆ ತಂದೆ ಎಂದು ಹೆಸರು ಬರೆಯಬೇಕಾದರೆ ತಂದೆ ಎದುರಿಗೆ ಬರಬೇಕು ಎಂದರು. ನಮ್ಮ ಶ್ರೀರಂಗಪಟ್ಟಣದ ಹುಡುಗಿ ದಿನಾ ಮಧ್ಯಾಹ್ನ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ತನ್ನ ಮನೆಯ ಉರ್ದುವನ್ನು ಹಿಂದಿಯ ಹದಕ್ಕೆ ತಂದುಕೊಂಡು ಆ ಕಚೇರಿಯವರ ಜೊತೆ ಫೋನಿನಲ್ಲಿ ಮಾತಾಡಿದಳು. “ಅವ್ರು ಹೇಳೋದು ಸರಿ ಇದೆ ಮೇಡಂ. ನಾವಾಗಿದ್ರೂ ಹಾಗೇ ಹೇಳ್ತಿದ್ವಿ” ಎಂದಳು ಕೊನೆಗೆ. ತಂದೆಯ ಹೆಸರಿಲ್ಲದ ಜನನ ಪತ್ರ ನಮಗೆ ಉಪಯೋಗವಿಲ್ಲ. ಇಡೀ ಅರ್ಜಿ ನಿಂತಿರುವುದೇ ಆ ಹೆಸರಿನ ಮೇಲೆ.

ಗಂಡನಿಗೆ ಹೇಳಲು ಅವರ ಊರಿಗೆ ಹೋದೆವು. ಅವನು ಬರಲು ಸಿದ್ಧನಿರಲಿಲ್ಲ. ಎರಡು ಹಸು ಹಾಲು ಕೊಡುತ್ತಿವೆ, ಒಂದು ಗಬ್ಬವಾಗಿದೆ, ಡೈರಿಗೆ ಹಾಲು ತಪ್ಪಿಸುವ ಹಾಗಿಲ್ಲ, ಹೆಂಡತಿಯೂ ಇಲ್ಲ. ಎಲ್ಲ ನಿಜವೇ. ನಿಜವಾದ ಕಾರಣ ಅವನ ಮಾತಿನ ಕೊನೆಯಲ್ಲಿ ಬಂತು.

“ನನ್ ಮಗ್ಳು ನನ್ನೋಳು ಅಂತ ಯೋಳಕ್ಕೆ ನಾನು ನೇಪಾಳ್ದಗಂಟ ಓಗ್ಬೇಕಾ ಮೇಡಂ?”

ನಾನು ಬಾಯಿ ತೆರೆಯುವುದರೊಳಗೆ ಕೊಟ್ಟಿಗೆಯಿಂದ ಅತ್ತೆ ಬಂದರು. ಆ ದಿನದ ಮೇಲೆ ನಮ್ಮೆದುರು ಅವರು ಮಾತಾಡಿದ್ದು ಅದೇ ಮೊದಲು.

“ಓಗ್ಬೇಕು ಕಣ್ಲಾ” ಎಂದರು. “ಆವತ್ತೇ ಓಗ್ಬೇಕಾಗಿತ್ತು ನೀನು. ಬಸ್ರೀನ ಕಳ್ಸೋದು ಒಂದ್ ಸಾಸ್ತ್ರ ಆದ್ರೆ, ಕರ್ಕೊಂಡ್ ಬರೋದು ಇನ್ನೊಂದ್ ಸಾಸ್ತ್ರ ಅಲ್ವೇನ್ಲಾ? ನಿಮ್ಮಪ್ಪ ದೇವಲಾಪುರುಕ್ಕೆ ಗಾಡಿ ಕಟ್ಕಂಡ್ ಬಂದು ನನ್ನೂ ನಿನ್ನೂ ಕರ್ಕೊಂಡ್ ಬಂದಿದ್ರು. ನೀನು? ದೂರ ಅಂದೆ, ಹೋಟ್ಲು ರಜಾ ಕೊಡಲ್ಲ ಅಂದೆ. ಹಸೀ ಮೈ ಎಣ್ಣು, ಕೂಸು ಎತ್ಕಂಡು ಒಬ್ಳೇ ಬಂದ್ಲು. ನಾನೂ ಸುಮ್ಕಿದ್ಬುಟ್ಟೆ. ಅರ್ಧ ಸಾಸ್ತ್ರ ಮಾಡ್ಬುಟ್ಟು ಊರ್ ತುಂಬಾ ಯೋಳ್ಕಂಡ್ ಬಂದೆ. ಓಗ್ಲಾ ಈಗ. ಬಾಣಂತೀನ ಕರ್ಕೊಂಡ್ ಬಾ ಓಗು.”

“ಅಸ, ಅವ್ವ?”

“ಅಸ ನಾನ್ ನೋಡ್ಕತೀನಿ. ಮೊಮ್ಮಗ್ಳವ್ಳೆ. ದಿನಾ ಓಡ್ತಾಳಲ್ಲ, ಡೈರಿಗೇ ಓಡ್ಲಿ.”

ಹೊಸಲ ಮೇಲಿದ್ದ ಮಗಳು ಮೊದಲ ಸಲ ನಕ್ಕಳು. ಗಂಡ ನಮ್ಮ ಹುಡುಗನ ಕಡೆ ತಿರುಗಿ ರೈಲು ಯಾವಾಗ ಎಂದು ಕೇಳಿದ. ನಾನು ಕಾನೂನಿನ ತರಗತಿಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದ ವಿಷಯ, ತಂದೆ ಹೋಗಿ ತನ್ನ ಮಗುವೆಂದು ಹೇಳಿ ನೋಂದಾಯಿಸಬೇಕು ಎಂಬ ವಿಷಯ, ಆ ಮನೆಯಲ್ಲಿ ಮೊದಲಿನಿಂದ ಇದ್ದೇ ಇತ್ತು. ಅದನ್ನು ಯಾರೂ ಮಾಡಿರಲಿಲ್ಲ ಅಷ್ಟೇ.

ಅವನು ಹೊರಟ ದಿನ ಅತ್ತೆ ಒಂದು ಚೀಲ ಕಟ್ಟಿಕೊಟ್ಟರು. ಸೊಸೆಗೆ ಸೀರೆ, ಕುಪ್ಪಸದ ಕಣ, ಬೀಗರಿಗೆ ಕೊಬ್ಬರಿ, ಅಚ್ಚುಬೆಲ್ಲ. ಬಾಣಂತಿಯನ್ನು ಕರೆತರಲು ಹೋಗುವಾಗ ಒಯ್ಯುವ ಸಾಮಾನು. ಹೇಮಗಿರಿ ಹುಡುಗ ಅದರ ಪಕ್ಕದಲ್ಲೇ ನಮ್ಮ ಕಾಗದಗಳ ಚೀಲ ಇಟ್ಟು, ಯಾವುದು ಎಲ್ಲಿ ಕೊಡಬೇಕು ಎಂದು ಎರಡು ಸಲ ಹೇಳಿಕೊಟ್ಟ. “ಬೆಲ್ಲ ಆಫೀಸಲ್ಲಿ ಕೊಟ್ಟು ಕಾಗದ ಬೀಗರಿಗೆ ಕೊಟ್ಬುಟ್ಟೀರ ಅಣ್ಣ, ಜ್ವಾಕೆ” ಎಂದ. ಗಂಡ ಬಯ್ದುಕೊಂಡೇ ಬಸ್ಸು ಹತ್ತಿದ.

ವಾರ್ಡ್ ಕಚೇರಿಯ ಕೆಲಸ ಮುಗಿಯಿತು. ಅಲ್ಲಿಂದ ಇಬ್ಬರೂ ಕಠ್ಮಂಡುವಿಗೆ ಹೋದರು. ನೇಪಾಳಿಯಲ್ಲಿದ್ದ ಜನನ ಪತ್ರವನ್ನು ಇಂಗ್ಲಿಷಿಗೆ ಮಾಡಿಸಿ ದೃಢೀಕರಿಸಿಕೊಂಡು ಬನ್ನಿ ಎಂದು ಒಂದು ಸಲ ವಾಪಸು ಕಳಿಸಿದರು. ಶಾಲೆಯ ದಾಖಲೆಯಲ್ಲಿ ಬೇರೆ ಊರು ಇರುವುದೇಕೆ ಎಂದು ಕೇಳಿದರು. ಅದನ್ನು ನಿರೀಕ್ಷಿಸಿಯೇ ನಾವು ವಿವರಣೆಯ ಒಂದು ಹಾಳೆ ಸೇರಿಸಿದ್ದೆವು. ತಡವಾದದ್ದಕ್ಕೆ ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ನಾವು ಮೂವರೂ ವಾರಗಟ್ಟಲೆ ಕಿತ್ತಾಡಿದ್ದೆವು. ಕಾನೂನಿನ ಅಜ್ಞಾನ ಎಂದು ಹುಡುಗ ಬರೆದಿದ್ದ, ಬಡತನ ಎಂದು ನಾನು ತಿದ್ದಿದ್ದೆ. ಕೊನೆಗೆ ಹುಡುಗಿ ಎರಡನ್ನೂ ಹೊಡೆದುಹಾಕಿ, ಮೊದಲ ಹೆರಿಗೆಗೆ ಹೆಂಡತಿಯನ್ನು ತವರಿಗೆ ಕಳಿಸುವುದು ನಮ್ಮ ಸೀಮೆಯ ಪದ್ಧತಿ, ಮಗು ಗಂಡನ ಮನೆಯದ್ದೇ ಎಂದು ಎಲ್ಲರೂ ತಿಳಿಯುವುದರಿಂದ ಯಾರಿಗೂ ಸಂಶಯ ಬರಲಿಲ್ಲ ಎಂದು ಬರೆದಳು. ಸತ್ಯ ಅದೇ ಆಗಿತ್ತು. ಅದನ್ನೇ ಕಳಿಸಿದೆವು. ದೀಪಾವಳಿಗೆ ಮುಂಚೆ ಅರ್ಜಿ ಒಳಗೆ ಬಿತ್ತು.

ಅಲ್ಲಿಂದ ಮುಂದೆ ಕಾಯುವುದು. ಮಗಳಿಗೆ ಹದಿನೆಂಟು ತುಂಬಿತು. ಅರ್ಜಿ ಹಾಕಿದಾಗ ಅವಳು ಅಪ್ರಾಪ್ತೆ, ಅಷ್ಟು ಸಾಕು ಎಂಬುದು ನನ್ನ ವಾದ. ಒಪ್ಪುತ್ತಾರೆಯೇ ಎಂಬುದು ನನಗೂ ಖಾತ್ರಿಯಿರಲಿಲ್ಲ. ತರಗತಿಯಲ್ಲಿ ಧೈರ್ಯವಾಗಿ ಹೇಳಿ, ಮನೆಗೆ ಬಂದು ಅದೇ ಕಲಮನ್ನು ಮತ್ತೆ ಮತ್ತೆ ಓದುತ್ತಿದ್ದೆ. ಒಂದು ದಿನ ವಿಚಾರಣೆಗೆ ಪೊಲೀಸರು ಊರಿಗೆ ಬಂದರು. ಅತ್ತೆ ಅವರನ್ನು ಜಗಲಿಯಲ್ಲಿ ಕೂರಿಸಿ, ಬಳೆ ತೊಡಿಸಿದ್ದರಿಂದ ಹಿಡಿದು ಮಗ ಹೋಗಿ ಕರೆತಂದವರೆಗೆ ಎಲ್ಲವನ್ನೂ ಹೇಳಿದರಂತೆ. ಈ ಸಲ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಯುಗಾದಿ ಕಳೆದ ಮೇಲೆ ನೋಂದಣಿಯಾಯಿತು ಎಂಬ ಸುದ್ದಿ ಬಂತು. ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋದೆ. ನಾವು ಹೋದಾಗ ಮಗಳು ಮನೆಯಲ್ಲಿರಲಿಲ್ಲ. ಅಟ್ಟದ ಮೇಲಿನ ಶೂ ಕೆಳಗಿಳಿದಿದ್ದವು, ಓಡಲು ಹೋಗಿದ್ದಳು. ಅತ್ತೆ ಒಬ್ಬಟ್ಟು ಮಾಡಿಸಿದ್ದರು. ಊಟಕ್ಕೆ ಕೂತಾಗ ಹೇಮಗಿರಿ ಹುಡುಗ ತಾಯಿಯ ಅರ್ಜಿಯ ಮಾತು ತೆಗೆದ. ನೇಪಾಳದಿಂದ ವಾಪಸಾದ ದಿನದಿಂದ ಹನ್ನೆರಡು ತಿಂಗಳು ಹೊಸದಾಗಿ ಎಣಿಸಬೇಕು, ಅಲ್ಲಿಯವರೆಗೆ ಎಲ್ಲೂ ಹೋಗಬಾರದು ಎಂದ.

ಬಡಿಸುತ್ತಿದ್ದ ಆಕೆ ನಕ್ಕಳು. “ಓಗಕಿಲ್ಲ ಬುಡಪ್ಪ. ಅಂತೂ ಈಗ ಈ ಮನೇಲಿ ನಾನೊಬ್ಳೇ ಒರಗಿನವ್ಳು ಆದಂಗಾಯ್ತು.”

ನಗುತ್ತಲೇ ಹೇಳಿದಳು, ಆದರೆ ದನಿ ಒಂದಿಷ್ಟು ಕೆಳಗಿಳಿದಿತ್ತು. ಅತ್ತೆ ತಮ್ಮ ಎಲೆಯಿಂದ ತಲೆ ಎತ್ತದೆಯೇ ಅಂದರು.

“ಒರಗಿಂದ ಬರ್ದೆ ಇರೋ ಸೊಸೆ ಎಲ್ಲವ್ಳೆ ಯೋಳು ನೋಡವ. ನಾನು ದೇವಲಾಪುರ್ದಿಂದ ಬಂದೋಳು. ನಮ್ಮತ್ತೆ ಬಾಯಲ್ಲಿ ಈ ಮನೇವ್ಳು ಅನ್ನುಸ್ಕಳಕ್ಕೆ ನಂಗೆ ಅತ್ತು ವರ್ಸ ಆಯ್ತು. ಸರ್ಕಾರ್ದೋರು ನಿಂಗೆ ಒಂದೇ ವರ್ಸ ಅಂದವ್ರೆ. ತುಪ್ಪ ಆಕು.”